ಬ್ಯುರೆಟ್ಟಿನ ಮೂರನೇ ರೀಡಿಂಗ್

ಯಾವುದೇ ಪಿಯು ಕಾಲೇಜಿನ ಕೆಮಿಸ್ಟ್ರಿ ರೆಕಾರ್ಡ್ ಬುಕ್ ಬಿಡಿಸಿ ನೋಡಿ. ದಾವಣಗೆರೆಯದ್ದಾದರೂ ಸರಿ, ಹೊಳಲ್ಕೆರೆಯದ್ದಾದರೂ ಸರಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಷನ್ನಿನ (ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು, ಫ್ಲಾಸ್ಕಿನ ದ್ರಾವಣಕ್ಕೆ ಎಷ್ಟು ಹಿಡಿಯಿತೆಂದು ಅಳೆಯುವುದು) ಪುಟದಲ್ಲಿ ಮೂರು ರೀಡಿಂಗ್ ಇರುತ್ತವೆ: 10.2, 10.2, 10.2 ಮಿ.ಲೀ. ಪಕ್ಕದ ಬೆಂಚಿನವನ ಪುಸ್ತಕದಲ್ಲೂ ಅದೇ. ಹೋದ ವರ್ಷದ ಸೀನಿಯರ್ ಬಿಟ್ಟುಹೋದ ಪುಸ್ತಕದಲ್ಲೂ ಅದೇ. ಕೆಳಗೆ ಕೆಂಪು ಇಂಕಿನ ಸಹಿ, ತಾರೀಕು.

ಮೂರು ರೀಡಿಂಗ್ ಒಂದೇ ಬರಬಾರದು ಎಂದಲ್ಲ, ಬರಬಹುದು. ಆದರೆ ಇಡೀ ಬ್ಯಾಚಿಗೆ, ವರ್ಷವರ್ಷವೂ ಬರಲಾರದು. 50 ಮಿ.ಲೀ. ಬ್ಯುರೆಟ್ಟಿನ ಒಂದು ಗೆರೆ 0.1 ಮಿ.ಲೀ. ಅದರ ಮೂತಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ನಮ್ಮ ಕಾಲೇಜುಗಳು ಸಾಮಾನ್ಯವಾಗಿ ಕೊಳ್ಳುವ ಬಿ ಕ್ಲಾಸ್ ಬ್ಯುರೆಟ್ಟಿನಲ್ಲಿ 0.1 ಮಿ.ಲೀ. ಹೆಚ್ಚುಕಡಿಮೆ ಇರುತ್ತದೆಂದು ಮಾಡಿದವರೇ ಗಾಜಿನ ಮೇಲೆ ಅಚ್ಚು ಹಾಕಿರುತ್ತಾರೆ. ಅದರ ಮೇಲೆ ಹದಿನೇಳು ವರ್ಷದ ಕಣ್ಣು, ಹದಿನೇಳು ವರ್ಷದ ಕೈ. ನಿಜವಾಗಿ ಮಾಡಿದವರ ಪುಸ್ತಕದಲ್ಲಿ 10.3, 10.1, 10.2 ಇರುತ್ತದೆ. ಕೆಲವೊಮ್ಮೆ 10.6 ಇರುತ್ತದೆ, ಅದರ ಪಕ್ಕದಲ್ಲಿ ‘ಕೊನೆಯಲ್ಲಿ ಜಾಸ್ತಿ ಬಿಟ್ಟೆ’ ಎಂಬ ಸಣ್ಣ ಅಕ್ಷರ ಇರಬೇಕು.

ರಸಾಯನಶಾಸ್ತ್ರದ ಪ್ರಾಧ್ಯಾಪಕರ ಸಂಶೋಧನಾ ಜೀವನ ಪಿಎಚ್‌ಡಿ ನೋಂದಣಿಯಿಂದ ಶುರುವಾಗುತ್ತದೆ ಎನ್ನುವುದು ವಾಡಿಕೆ. ನನ್ನ ಲೆಕ್ಕದಲ್ಲಿ ಅದು ಶುರುವಾಗುವುದು ಆ 10.6 ಅನ್ನು ಅಳಿಸದೆ ಉಳಿಸಿದ ದಿನ. ಅಳಿಸಲು ಕಲಿತವರು ಮುಂದೆ ಎಕ್ಸ್‌ಆರ್‌ಡಿ (ಪುಡಿಯ ಸ್ಫಟಿಕ ರಚನೆ ತೋರಿಸುವ ಎಕ್ಸ್-ರೇ ಪರೀಕ್ಷೆ) ಗ್ರಾಫನ್ನೂ ಅಳಿಸುತ್ತಾರೆ.

ಈ ಒಂದು ಪ್ರಯೋಗದಲ್ಲೇ ಎಷ್ಟು ಕಡೆ ತಪ್ಪಬಹುದು ನೋಡಿ. ಪರ್ಮಾಂಗನೇಟಿನ ಎದುರು ಫ್ಲಾಸ್ಕಿನಲ್ಲಿರುವುದು ಕಬ್ಬಿಣದ ಉಪ್ಪು, ಫೆರಸ್ ಅಮೋನಿಯಂ ಸಲ್ಫೇಟ್. ಅದರ 0.1 ಮೋಲಾರ್ (ಲೀಟರಿಗೆ 0.1 ಮೋಲ್) ದ್ರಾವಣಕ್ಕೆ ಲೀಟರಿಗೆ 39.2 ಗ್ರಾಂ ತೂಗಬೇಕು. ಅದನ್ನು ಬರೀ ನೀರಿನಲ್ಲಿ ಕರಗಿಸಿದರೆ ಸ್ವಲ್ಪ ಹೊತ್ತಿಗೆ ದ್ರಾವಣ ಹಳದಿಗೆ ತಿರುಗುತ್ತದೆ. ಫೆರಸ್ ಕಬ್ಬಿಣ ಗಾಳಿಯ ಆಕ್ಸಿಜನ್ ಹಿಡಿದು ಫೆರಿಕ್ ಆಗುತ್ತಿರುತ್ತದೆ. ಮೊದಲೇ ಲೀಟರಿಗೆ ಸುಮಾರು 20 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ನೀರಿಗೆ ನಿಧಾನವಾಗಿ ಬೆರೆಸಿಟ್ಟುಕೊಂಡು, ಆಮೇಲೆ ಈ ಉಪ್ಪು ಹಾಕಬೇಕು. ಇದನ್ನು ಬಿಟ್ಟ ಲ್ಯಾಬಿನಲ್ಲಿ ಬೆಳಗಿನ ಬ್ಯಾಚಿಗೂ ಮಧ್ಯಾಹ್ನದ ಬ್ಯಾಚಿಗೂ ರೀಡಿಂಗ್ ಬೇರೆ ಬರುತ್ತದೆ, ಮಧ್ಯಾಹ್ನದವರಿಗೆ ಕಡಿಮೆ. ಅವರು ಸರಿಯಾಗಿಯೇ ಮಾಡಿದ್ದರೂ ಪರೀಕ್ಷಕರ ಕೈಯಲ್ಲಿರುವ ಚೀಟಿಯ ಸಂಖ್ಯೆಗೆ ಹೊಂದುವುದಿಲ್ಲ, ಅಂಕ ಹೋಗುತ್ತದೆ. ‘ಸರಿಯಾದ ಉತ್ತರ’ವನ್ನು ಪಿಸುಮಾತಿನಲ್ಲಿ ಕೇಳಿ ಬರೆಯುವ ಅಭ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. ಮಕ್ಕಳ ಮೇಲೆ ಸಿಟ್ಟಾಗುವ ಮೊದಲು ಸ್ಟಾಕ್ ಬಾಟಲಿಯ ಬಣ್ಣ ನೋಡುವುದು ಒಳ್ಳೆಯದು.

ಪರ್ಮಾಂಗನೇಟಿನ ಕಥೆ ಬೇರೆ. 0.02 ಮೋಲಾರಿಗೆ ಲೀಟರಿಗೆ 3.16 ಗ್ರಾಂ. ಆದರೆ ತೂಕ ಮಾಡಿದ ಮಾತ್ರಕ್ಕೆ ಅದರ ಸಾರತೆ (ಕಾನ್ಸಂಟ್ರೇಷನ್) ಗೊತ್ತಾಗುವುದಿಲ್ಲ. ಪುಡಿಯಲ್ಲೇ ಒಂದಿಷ್ಟು ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತದೆ, ನೀರಿನಲ್ಲಿರುವ ಸಾವಯವ ಕಸವೂ ಅದನ್ನು ತಿನ್ನುತ್ತದೆ. ಕುದಿಸಿ, ಒಂದು ರಾತ್ರಿ ಬಿಟ್ಟು, ಗ್ಲಾಸ್ ವೂಲಿನಲ್ಲಿ ಸೋಸಿ, ಕಂದು ಬಾಟಲಿಯಲ್ಲಿಟ್ಟು, ಬಳಸುವ ದಿನ ಆಕ್ಸಾಲಿಕ್ ಆಮ್ಲದ ಎದುರು ತಾಳೆ ನೋಡಬೇಕು. ಫಿಲ್ಟರ್ ಕಾಗದದಲ್ಲಿ ಸೋಸಿದರೆ ಕಾಗದವನ್ನೇ ಉತ್ಕರ್ಷಿಸುತ್ತದೆ. ಆಕ್ಸಾಲಿಕ್ ಆಮ್ಲವನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು. ತಣ್ಣಗಿದ್ದರೆ ಮೊದಲ ಹನಿಯ ಬಣ್ಣ ಹೋಗಲು ಹೊತ್ತು ಹಿಡಿದು, ಹುಡುಗರು ಅದನ್ನೇ ಎಂಡ್ ಪಾಯಿಂಟ್ (ಹನಿ ಬಿಡುವುದನ್ನು ನಿಲ್ಲಿಸಬೇಕಾದ ಹಂತ) ಎಂದುಕೊಳ್ಳುತ್ತಾರೆ. ಕುದಿಸಿದರೆ ಆಮ್ಲವೇ ಒಡೆಯುತ್ತದೆ. ನಡುವೆ ಕಂದು ಬಣ್ಣ ಕಂಡರೆ ಸಲ್ಫ್ಯೂರಿಕ್ ಆಮ್ಲ ಸಾಲದಾಯಿತು ಎಂದರ್ಥ. ಆ ಫ್ಲಾಸ್ಕ್ ಚೆಲ್ಲಬೇಕು, ಅದರಲ್ಲಿ ರೀಡಿಂಗ್ ಹುಡುಕಬಾರದು. ಬಣ್ಣ ಗಾಢವಾದ್ದರಿಂದ ಬ್ಯುರೆಟ್ಟಿನಲ್ಲಿ ಮೇಲಿನ ಅಂಚನ್ನು ಓದಬೇಕು. ಶುರುವಿನಲ್ಲಿ ಮೇಲಿನದು, ಕೊನೆಯಲ್ಲಿ ಕೆಳಗಿನದು ಓದುವವರೂ ಇದ್ದಾರೆ. ಬ್ಯುರೆಟ್ಟಿನ ತಲೆ ಮೇಲೆ ಫನಲ್ ಹಾಗೇ ಬಿಟ್ಟರೆ ಅದರಿಂದ ಇಳಿಯುವ ಹನಿ ಲೆಕ್ಕ ತಪ್ಪಿಸುತ್ತದೆ. ಕೋನಿಕಲ್ ಫ್ಲಾಸ್ಕನ್ನು ದ್ರಾವಣದಲ್ಲೇ ತೊಳೆಯುವುದು ಇನ್ನೊಂದು ಹಳೆಯ ತಪ್ಪು. ಬ್ಯುರೆಟ್ ಮತ್ತು ಪಿಪೆಟ್ಟಿಗೆ ದ್ರಾವಣದ ತೊಳೆತ ಬೇಕು, ಫ್ಲಾಸ್ಕಿಗೆ ಬರೀ ಡಿಸ್ಟಿಲ್ಡ್ ವಾಟರ್. ಇನ್ನು ಆಕ್ಸಾಲಿಕ್ ಆಮ್ಲ ವಿಷ. ಅದನ್ನು ಬಾಯಲ್ಲಿ ಎಳೆದು ಪಿಪೆಟ್ ತುಂಬಿಸುವುದನ್ನು ಇವತ್ತೂ ಬಿಡದ ಲ್ಯಾಬಿಗೆ ನಾಲ್ಕು ರಬ್ಬರ್ ಬಲ್ಬ್ ಕೊಡಿಸುವುದೇ ದೊಡ್ಡ ಸುಧಾರಣೆ.

ಇಷ್ಟೆಲ್ಲ ಗೊತ್ತಿದ್ದವರು ಪಾಠ ಮಾಡಿದರೆ 10.6 ಬಂದ ಹುಡುಗಿಗೆ ‘ತಪ್ಪು, ಮತ್ತೆ ಮಾಡು’ ಎನ್ನುವುದಿಲ್ಲ. ‘ಎಲ್ಲಿಂದ ಬಂತು ಈ 0.4?’ ಎಂದು ಕೇಳುತ್ತಾರೆ. ಸಂಶೋಧನೆ ಎಂದರೆ ಬಹುಪಾಲು ಇದೇ ಪ್ರಶ್ನೆ.

ವೃತ್ತಿಯ ಮೆಟ್ಟಿಲುಗಳನ್ನು ಬೇಗ ಹೇಳಿಬಿಡಬಹುದು. ಬಿಎಸ್ಸಿ, ಎಂಎಸ್ಸಿ, ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ, ಪಿಎಚ್‌ಡಿ. ಈ ಭಾಗದವರಿಗೆ ಹಿಂದೆ ಎಂಎಸ್ಸಿ ಎಂದರೆ ಕುವೆಂಪು ವಿಶ್ವವಿದ್ಯಾಲಯ, ಅದಕ್ಕೂ ಮುಂಚೆ ಮೈಸೂರು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಬೇರೆಯಾಗಿ ನಿಂತ ಮೇಲೆ ಜಗಳೂರು, ಹರಪನಹಳ್ಳಿ ಕಡೆಯ ಮಕ್ಕಳು ಬಸ್ಸಿನಲ್ಲೇ ಹೋಗಿಬಂದು ಓದುವಂತಾಯಿತು. ಕೆಲಸ ಸಿಕ್ಕ ಮೇಲೆ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿಯ 2018ರ ನಿಯಮದ ಪ್ರಕಾರ ವಾರಕ್ಕೆ 16 ಗಂಟೆ ನೇರ ಪಾಠ, ಪ್ರಾಧ್ಯಾಪಕರಿಗೆ 14. ಕಾಗದದ ಮೇಲೆ ಇದು ಕಡಿಮೆಯೇ. ಆದರೆ ದ್ರಾವಣ ತಯಾರಿ, ಇಂಟರ್ನಲ್ಸ್, ನ್ಯಾಕ್ (ಕಾಲೇಜಿನ ಗುಣಮಟ್ಟದ ಮೌಲ್ಯಮಾಪನ) ಫೈಲು, ಚುನಾವಣಾ ಡ್ಯೂಟಿ ಆ 16ರೊಳಗೆ ಬರುವುದಿಲ್ಲ. ಅತಿಥಿ ಉಪನ್ಯಾಸಕರ ಸ್ಥಿತಿ ಇನ್ನೂ ಬೇರೆ. ಲ್ಯಾಬಿನ ಅರ್ಧ ಭಾರ ಅವರ ಹೆಗಲ ಮೇಲೆಯೇ ಇರುತ್ತದೆ, ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುವಾಗ ಮಾತ್ರ ಅವರ ಹೆಸರು ಇರುವುದಿಲ್ಲ.

ಈ ಹೊತ್ತಿನಲ್ಲಿ, ಈ ಊರಿನಲ್ಲಿ, ಯಾವ ಸಂಶೋಧನೆ ಸಾಧ್ಯ? ಸಿ.ಎನ್.ಆರ್. ರಾವ್ ಅವರ ಹೆಸರನ್ನು ಭಾಷಣಗಳಲ್ಲಿ ಎಲ್ಲರೂ ತರುತ್ತಾರೆ. ಪರ್ಡ್ಯೂದಲ್ಲಿ 1958ರ ಪಿಎಚ್‌ಡಿ, 1963ರಿಂದ 1976ರವರೆಗೆ ಕಾನ್ಪುರ ಐಐಟಿ, ಆಮೇಲೆ ಬೆಂಗಳೂರಿನ ಐಐಎಸ್ಸಿಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ, 1984ರಿಂದ 1994ರವರೆಗೆ ಅಲ್ಲಿನ ನಿರ್ದೇಶಕ ಸ್ಥಾನ, 1989ರಲ್ಲಿ ಜವಾಹರಲಾಲ್ ನೆಹರೂ ಕೇಂದ್ರ, 2014ರಲ್ಲಿ ಭಾರತರತ್ನ. ಈ ಪಟ್ಟಿ ಹೇಳಿ ಜಿಲ್ಲಾ ಕಾಲೇಜಿನ ಮೇಷ್ಟರಿಗೆ ‘ನೀವೂ ಹಾಗಾಗಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಆ ಜೀವನದಿಂದ ಇಲ್ಲಿಗೆ ದಕ್ಕುವುದು ವಿಷಯದ ಆಯ್ಕೆ. ಆಕ್ಸೈಡುಗಳ ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಕುಲುಮೆ, ತಕ್ಕಡಿ, ತಾಳ್ಮೆ ಇದ್ದರೆ ಕೆಲಸ ಶುರು ಮಾಡಬಹುದು.

ಅದೇ ಜಾಡಿನಲ್ಲಿ ಇನ್ನೂ ಹತ್ತಿರದ ಉದಾಹರಣೆ 1988ರದ್ದು. ಐಐಎಸ್ಸಿಯ ಕಿಂಗ್ಸ್‌ಲಿ ಮತ್ತು ಕೆ.ಸಿ. ಪಾಟೀಲ್ ಅಲ್ಯುಮಿನಾವನ್ನು (ಅಲ್ಯುಮಿನಿಯಂ ಆಕ್ಸೈಡ್) ‘ದಹನ’ದಿಂದ ಮಾಡುವ ದಾರಿ ಪ್ರಕಟಿಸಿದರು. 20 ಗ್ರಾಂ ಅಲ್ಯುಮಿನಿಯಂ ನೈಟ್ರೇಟ್, 8 ಗ್ರಾಂ ಯೂರಿಯಾ. ಎರಡನ್ನೂ ಸ್ವಲ್ಪ ನೀರಿನಲ್ಲಿ ಕರಗಿಸಿ, 300 ಮಿ.ಲೀ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ, ಮೊದಲೇ 500 ಡಿಗ್ರಿಗೆ ಕಾಯ್ದ ಮಫಲ್ ಫರ್ನೇಸಿನೊಳಗೆ (ವಿದ್ಯುತ್ ಕುಲುಮೆ) ಇಡುವುದು. ಕುದಿಯುತ್ತದೆ, ನೊರೆ ಏಳುತ್ತದೆ, ಉರಿ ಹತ್ತುತ್ತದೆ, ಐದು ನಿಮಿಷದೊಳಗೆ ಪಾತ್ರೆ ತುಂಬ ಮಂಡಕ್ಕಿಯ ಹಾಗೆ ಉಬ್ಬಿದ ಬಿಳಿ ಪುಡಿ. ಮಂಡಕ್ಕಿ ಭಟ್ಟಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯ ದಾರಿಯಲ್ಲಿ ಆಲ್ಫಾ ಅಲ್ಯುಮಿನಾ ಆಗಬೇಕಾದರೆ ಸಾವಿರ ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಕಾಯಿಸಬೇಕು. ಇಲ್ಲಿ ಆ ತಾಪವನ್ನು ಉರಿಯೇ ಒಳಗಿನಿಂದ ಕೊಡುತ್ತದೆ.

20ಕ್ಕೆ 8 ಯಾಕೆ ಎನ್ನುವುದರಲ್ಲಿ ಒಂದು ಚಂದದ ಲೆಕ್ಕವಿದೆ. ಅಲ್ಯುಮಿನಿಯಂ ನೈಟ್ರೇಟಿನ ಒಂದು ಮೋಲ್‌ಗೆ ಉತ್ಕರ್ಷಣ ಬಲ 15, ಯೂರಿಯಾದ ಒಂದು ಮೋಲ್‌ಗೆ ಅಪಕರ್ಷಣ ಬಲ 6. ಸಮವಾಗಬೇಕಾದರೆ 2 ಮೋಲ್ ನೈಟ್ರೇಟಿಗೆ 5 ಮೋಲ್ ಯೂರಿಯಾ. ಒಂಬತ್ತು ಅಣು ನೀರು ಸೇರಿದ ನೈಟ್ರೇಟ್ 375 ಗ್ರಾಂಗೆ ಒಂದು ಮೋಲ್, ಅಂದರೆ 20 ಗ್ರಾಂ ಎಂದರೆ 0.0533 ಮೋಲ್. ಅದರ ಎರಡೂವರೆ ಪಟ್ಟು 0.133, ಗುಣಿಸು 60: ಸರಿಯಾಗಿ 8 ಗ್ರಾಂ. ಪ್ರಥಮ ಪಿಯುನಲ್ಲಿ ಕಲಿಸುವ ಉತ್ಕರ್ಷಣ-ಅಪಕರ್ಷಣದ ಲೆಕ್ಕವೇ ಇದು.

ತಪ್ಪುವುದು ಎಲ್ಲೆಲ್ಲಿ? ಫರ್ನೇಸನ್ನು ಮೊದಲೇ ಕಾಯಿಸದೆ ಪಾತ್ರೆಯಿಟ್ಟು ಸ್ವಿಚ್ ಹಾಕಿದರೆ ಯೂರಿಯಾ ನಿಧಾನವಾಗಿ ಒಡೆದು ಹೋಗುತ್ತದೆ, ಉರಿ ಹತ್ತುವುದಿಲ್ಲ, ಸ್ಫಟಿಕವಾಗದ ಪುಡಿ ಉಳಿಯುತ್ತದೆ. ನೈಟ್ರೇಟ್ ತೇವ ಹೀರಿಕೊಂಡಿದ್ದರೆ ತೂಕದಲ್ಲಿ ನೀರೇ ಹೆಚ್ಚು, ಲೆಕ್ಕ ಕೆಡುತ್ತದೆ. ಯೂರಿಯಾ ಕಡಿಮೆಯಾದರೆ ಕೆಂಪು-ಕಂದು ಹೊಗೆ. ಅದು ನೈಟ್ರೋಜನ್ ಡೈಆಕ್ಸೈಡ್, ಕಿಟಕಿ ತೆಗೆದರೆ ಸಾಲದು, ಫ್ಯೂಮ್ ಹುಡ್ ಬೇಕು. ಯೂರಿಯಾ ಬದಲು ಬೇರೆ ಇಂಧನ ಬಳಸಿ, ಅದು ಹೆಚ್ಚಾದರೆ ಪುಡಿ ಬೂದು ಬಣ್ಣಕ್ಕಿರುತ್ತದೆ, ಇಂಗಾಲ ಉಳಿದಿದೆ. ಪಾತ್ರೆ ಸಣ್ಣದಾದರೆ ನೊರೆ ಉಕ್ಕಿ ಫರ್ನೇಸಿನ ಇಟ್ಟಿಗೆಗೆ ಅಂಟುತ್ತದೆ, ಮುಂದಿನ ಸ್ಯಾಂಪಲ್ಲುಗಳಲ್ಲೆಲ್ಲ ಅದೇ ಕಲ್ಮಶ. ಮತ್ತೆ, ಫರ್ನೇಸಿನ ಬಾಗಿಲಿಗೆ ಮುಖ ಕೊಟ್ಟು ನಿಲ್ಲಬಾರದು. ಹೇಳಬೇಕಾಗಿಲ್ಲ ಅನಿಸುತ್ತದೆ, ಆದರೆ ಉರಿ ಹತ್ತುವುದನ್ನು ನೋಡುವ ಆಸೆ ಯಾರಿಗಿಲ್ಲ.

ಪುಡಿ ಬಂತು. ಈಗ ಬೆಂಗಳೂರಿಗೋ ಶಿವಮೊಗ್ಗೆಗೋ ಎಕ್ಸ್‌ಆರ್‌ಡಿಗೆ ಕಳಿಸಬೇಕು. ಗ್ರಾಫ್ ಬಂದ ಮೇಲೆ ಎಲ್ಲರೂ ಮಾಡುವುದು ಶಿಖರದ ಅಗಲದಿಂದ ಸ್ಫಟಿಕ ಕಣದ ಗಾತ್ರ ತಿಳಿಯುವ ಶೆರರ್ ಸೂತ್ರ: 0.9 ಗುಣಿಸು ತರಂಗಾಂತರ, ಭಾಗಿಸು ಶಿಖರದ ಅಗಲ ಮತ್ತು ಥೀಟಾದ ಕೊಸೈನ್. ಉದಾಹರಣೆಗೆ, ಜಿಂಕ್ ಆಕ್ಸೈಡ್ ಪುಡಿಯ ದೊಡ್ಡ ಶಿಖರ 36.3 ಡಿಗ್ರಿಯಲ್ಲಿ, ಅಗಲ 0.4 ಡಿಗ್ರಿ ಎನ್ನಿ. ತಾಮ್ರದ ಎಕ್ಸ್-ರೇ ತರಂಗಾಂತರ 0.15406 ನ್ಯಾನೊಮೀಟರ್. ಅಗಲವನ್ನು ರೇಡಿಯನ್ನಿಗೆ ತಿರುಗಿಸಿ, 36.3ರ ಅರ್ಧ ತೆಗೆದುಕೊಂಡು ಲೆಕ್ಕ ಹಾಕಿದರೆ ಸುಮಾರು 21 ನ್ಯಾನೊಮೀಟರ್. ಅರ್ಧ ಮಾಡುವುದನ್ನು ಮರೆತರೆ? ಸುಮಾರು 25 ಬರುತ್ತದೆ. ಯಂತ್ರವೇ ಶಿಖರವನ್ನು 0.1 ಡಿಗ್ರಿಯಷ್ಟು ಅಗಲಿಸಿರುತ್ತದೆ, ಅದನ್ನು ನೇರವಾಗಿ ಕಳೆದರೆ ಸುಮಾರು 28. ಮೂರೂ ಸಂಖ್ಯೆ ‘ನ್ಯಾನೊ’ ಹೌದು, ಮೂರೂ ಪೇಪರಿನಲ್ಲಿ ಸಲೀಸಾಗಿ ಕೂರುತ್ತವೆ, ರೆಫರಿಗೂ ಅನುಮಾನ ಬರುವುದಿಲ್ಲ. ರೇಡಿಯನ್ ಮರೆತರೆ ಮಾತ್ರ ಉತ್ತರ ಹಾಸ್ಯಾಸ್ಪದವಾಗಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪುಗಳೇ ಅಪಾಯ. 10.2, 10.2, 10.2 ಕೂಡ ಸಿಕ್ಕಿಬೀಳದ ತಪ್ಪೇ.

ಎನ್‌ಎಂಆರ್ (ಅಣುವಿನ ರಚನೆ ತಿಳಿಯುವ ಇನ್ನೊಂದು ಪರೀಕ್ಷೆ) ಬಗ್ಗೆ ಒಂದೇ ಮಾತು. ಡಿಎಂಎಸ್‌ಒದಲ್ಲಿ ತೆಗೆಸಿದ ಗ್ರಾಫಿನ 3.33ರ ಶಿಖರ ನೀರಿನದು, 2.50ರದ್ದು ದ್ರಾವಕದ್ದು. 3.33ರದ್ದನ್ನು ತಮ್ಮ ಅಣುವಿನ ಮೆಥಾಕ್ಸಿ ಗುಂಪು ಎಂದು ಬರೆದವರು ಗ್ರಾಫನ್ನು ಸರಿಯಾಗಿ ಓದಿಲ್ಲ.

ಆದರೆ ನ್ಯಾನೊ ಪುಡಿಗಿಂತ ದೊಡ್ಡ ಸಂಶೋಧನಾ ವಿಷಯ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ನೆಲದ ಕೆಳಗೇ ಇದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬೋರ್‌ವೆಲ್ ನೀರಿನಲ್ಲಿರುವ, ಹೆಚ್ಚಾದರೆ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್ ಯಾರಿಗೂ ಹೊಸ ಸುದ್ದಿಯಲ್ಲ. ಕುಡಿಯುವ ನೀರಿಗೆ ಬಿಐಎಸ್ ಹೇಳುವ ಮಿತಿ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ಹೊಸ ಸುದ್ದಿಯಲ್ಲ ಎಂಬ ಕಾರಣಕ್ಕೇ ಇದನ್ನು ‘ಹಳೆ ಟಾಪಿಕ್’ ಎಂದು ತಳ್ಳುವುದುಂಟು. ಹಳೆಯದಾದರೂ ಇದರೊಳಗಿನ ರಸಾಯನಶಾಸ್ತ್ರ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿನ ಗ್ರಾನೈಟ್, ನೈಸ್ ಬಂಡೆಗಳ ಅಪಟೈಟ್, ಬಯೊಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದನ್ನು ತಡೆಯುವ ಕಾವಲುಗಾರ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಫ್ಲೋರೈಡಿನ ವಿಲೇಯತಾ ಗುಣಲಬ್ಧ (ಅದು ನೀರಿನಲ್ಲಿ ಎಷ್ಟು ಕರಗಬಹುದೆಂಬ ಮಿತಿಯ ಸಂಖ್ಯೆ) ಸುಮಾರು 10ರ ಘಾತ ಮೈನಸ್ 11ರ 4 ಪಟ್ಟು. ನೀರಿನಲ್ಲಿ ಲೀಟರಿಗೆ 160 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಏರಬಹುದಾದದ್ದು 1.9 ಮಿ.ಗ್ರಾಂವರೆಗೆ. 40 ಇದ್ದರೆ 3.8. 10 ಮಾತ್ರ ಇದ್ದರೆ 7.6. ಕ್ಯಾಲ್ಸಿಯಂ ನಾಲ್ಕರಲ್ಲೊಂದು ಪಾಲಾದರೆ ಫ್ಲೋರೈಡಿನ ಮಿತಿ ಎರಡು ಪಟ್ಟು. ಇದು ಆದರ್ಶ ಲೆಕ್ಕ, ನಿಜವಾದ ನೀರಿನಲ್ಲಿ ಬೇರೆ ಅಯಾನುಗಳ ಪ್ರಭಾವದಿಂದ ಸಂಖ್ಯೆ ಸ್ವಲ್ಪ ಸರಿಯುತ್ತದೆ, ದಿಕ್ಕು ಬದಲಾಗುವುದಿಲ್ಲ.

ಇದರ ಅರ್ಥ ಅಡಿಗೆಮನೆಯ ಅನುಭವಕ್ಕೆ ತಿರುಗುಮುರುಗು. ಬೇಳೆ ಬೇಗ ಬೇಯುವ, ಸೋಪು ಚೆನ್ನಾಗಿ ನೊರೆ ಬರುವ, ಪಾತ್ರೆಗೆ ಬಿಳಿ ಕಲೆ ಕಟ್ಟದ ನೀರನ್ನು ನಾವು ‘ಸಿಹಿನೀರು’ ಎನ್ನುತ್ತೇವೆ. ಗಡಸು ಕಡಿಮೆ, ಬೈಕಾರ್ಬನೇಟ್ ಹೆಚ್ಚು, ಪಿಎಚ್ ಸ್ವಲ್ಪ ಏರಿರುವ ಅಂಥ ಬೋರಿನ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಜಾಸ್ತಿ. ನಾಲಿಗೆಗೆ ಗೊತ್ತಾಗುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ; ನೀರು ಆವಿಯಾದಷ್ಟು ಸಾರತೆ ಹೆಚ್ಚುತ್ತದೆ. ಬಿಎಸ್ಸಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವುದಿದೆ? ಒಂದು ಹಳ್ಳಿಯ ಹತ್ತು ಬೋರ್‌ವೆಲ್, ಪ್ರತಿಯೊಂದಕ್ಕೂ ಗಡಸುತನ, ಕ್ಯಾಲ್ಸಿಯಂ, ಪಿಎಚ್, ಫ್ಲೋರೈಡ್, ಬೋರಿನ ಆಳ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ.

ಸ್ಯಾಂಪಲ್ ತರುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಪಂಪ್ ಹಾಕಿದ ಕೂಡಲೇ ಬರುವುದು ಪೈಪಿನಲ್ಲಿ ನಿಂತ ನೀರು, ಐದು-ಹತ್ತು ನಿಮಿಷ ಬಿಡಬೇಕು. ಗಾಜಿನ ಬಾಟಲಿ ಬೇಡ, ಪಾಲಿಥೀನ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು. ‘ಬೋರ್ 1, ಬೋರ್ 2’ ಎಂದು ಬರೆದ ಚೀಟಿ ಬೆವರಿಗೆ ಅಳಿಸಿಹೋಗುತ್ತದೆ. ಬಾಟಲಿಯ ಮೇಲೆಯೇ ಮಾರ್ಕರಿನಲ್ಲಿ ಜಾಗ, ತಾರೀಕು, ಹೊತ್ತು ಬರೆಯಬೇಕು.

ಫ್ಲೋರೈಡ್ ಅಳೆಯಲು ಕಾಲೇಜುಗಳಿಗೆ ಎರಡು ದಾರಿ. ಅಗ್ಗದ್ದು ಸ್ಪ್ಯಾಡ್ನ್ಸ್ ವಿಧಾನ: ಜಿರ್ಕೋನಿಯಂ ಜೊತೆಗಿರುವ ಕೆಂಪು ಬಣ್ಣದಿಂದ ಫ್ಲೋರೈಡ್ ಜಿರ್ಕೋನಿಯಂ ಕಿತ್ತುಕೊಳ್ಳುತ್ತದೆ, ಬಣ್ಣ ತೆಳುವಾಗುತ್ತದೆ, 570 ನ್ಯಾನೊಮೀಟರಿನಲ್ಲಿ ಓದುವುದು. ಇದು ನಂಬಿಕೆಗೆ ಅರ್ಹವಾಗಿರುವುದು ಲೀಟರಿಗೆ 1.4 ಮಿ.ಗ್ರಾಂವರೆಗೆ ಮಾತ್ರ. ನಮ್ಮ ಕಡೆಯ ನೀರಿನಲ್ಲಿ ಮುಖ್ಯ ಪ್ರಶ್ನೆ ಶುರುವಾಗುವುದೇ ಅಲ್ಲಿಂದ! ಹಾಗಾಗಿ ಮೊದಲೇ ಎರಡು ಪಟ್ಟು, ನಾಲ್ಕು ಪಟ್ಟು ತೆಳುಗೊಳಿಸಿ ಎರಡನ್ನೂ ಓದಬೇಕು; ಎರಡರ ಲೆಕ್ಕವೂ ಒಂದೇ ಮೂಲ ಸಂಖ್ಯೆಗೆ ಬರದಿದ್ದರೆ ಎಲ್ಲೋ ತಪ್ಪಿದೆ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಇನ್ನೊಂದು ಮೋಸ: ಕ್ಲೋರಿನ್ನೇ ಬಣ್ಣವನ್ನು ತಿಂದು, ಇಲ್ಲದ ಫ್ಲೋರೈಡನ್ನು ತೋರಿಸುತ್ತದೆ.

ಎರಡನೆಯದು ಫ್ಲೋರೈಡ್ ಎಲೆಕ್ಟ್ರೋಡ್. ದುಬಾರಿ, ಆದರೆ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. 0.221 ಗ್ರಾಂ ಒಣ ಸೋಡಿಯಂ ಫ್ಲೋರೈಡನ್ನು ಲೀಟರಿಗೆ ಕರಗಿಸಿದರೆ 100 ಮಿ.ಗ್ರಾಂ ಸ್ಟ್ಯಾಂಡರ್ಡ್, ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಬೇಕು. ಸ್ಯಾಂಪಲ್ಲಿಗೂ ಸ್ಟ್ಯಾಂಡರ್ಡಿಗೂ ಸಮಪಾಲು ಟಿಸ್ಯಾಬ್ ಬಫರ್ (ಎಲ್ಲದರ ಪಿಎಚ್, ಅಯಾನುಗಳ ಪ್ರಭಾವವನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ): ಲೀಟರಿಗೆ 57 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಮ್ಲ, 58 ಗ್ರಾಂ ಸೋಡಿಯಂ ಕ್ಲೋರೈಡ್, 4 ಗ್ರಾಂ ಸಿಡಿಟಿಎ, ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 5.0ರಿಂದ 5.5. ಪಿಎಚ್ ಇಳಿದರೆ ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರಿ ಮರೆಯಾಗುತ್ತದೆ, ಹೆಚ್ಚು ಏರಿದರೆ ಹೈಡ್ರಾಕ್ಸೈಡನ್ನೇ ಎಲೆಕ್ಟ್ರೋಡ್ ಫ್ಲೋರೈಡ್ ಎಂದುಕೊಳ್ಳುತ್ತದೆ. ಸಿಡಿಟಿಎ ಇರುವುದು ಅಲ್ಯುಮಿನಿಯಂ, ಕಬ್ಬಿಣದ ಹಿಡಿತದಿಂದ ಫ್ಲೋರೈಡನ್ನು ಬಿಡಿಸಲು. ಸಾರತೆ ಹತ್ತು ಪಟ್ಟಾದಾಗ ಮೀಟರ್ 54ರಿಂದ 60 ಮಿಲಿವೋಲ್ಟ್ ಇಳಿಯಬೇಕು. 45 ಬಂದರೆ ಎಲೆಕ್ಟ್ರೋಡ್ ಸ್ವಚ್ಛ ಮಾಡಿ, ಸ್ಟ್ಯಾಂಡರ್ಡ್ ಹೊಸದಾಗಿ ಮಾಡಿ. ಆ 45ರಲ್ಲೇ ಹಳ್ಳಿಯ ನೀರು ಅಳೆಯಬೇಡಿ. ಒಂದು ಮಿಲಿವೋಲ್ಟ್ ತಪ್ಪಿದರೆ ಸಾರತೆಯಲ್ಲಿ ಸುಮಾರು ಶೇಕಡಾ 4 ತಪ್ಪು. ವರದಿಯಲ್ಲಿ 1.537 ಎಂದು ಮೂರು ದಶಮಾಂಶ ಬರೆಯುವವರು ಇದನ್ನು ನೆನಪಿಡಬೇಕು. 1.5, ಅಷ್ಟೆ.

ಊರೂರಿಗೂ ಶುದ್ಧ ನೀರಿನ ಘಟಕ ಬಂದ ಮೇಲೆ ಕ್ಯಾನಿನ ನೀರು ಮನೆಗೆ ಬರುತ್ತದೆ. ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ಆರ್‌ಒ ಯಂತ್ರ ಅರ್ಧ ನೀರನ್ನು ಶುದ್ಧ ಮಾಡಿ ಅರ್ಧ ಹೊರಬಿಟ್ಟರೆ, 2.5 ಮಿ.ಗ್ರಾಂ ಫ್ಲೋರೈಡಿನ ಮೂಲ ನೀರಿನಿಂದ ಚರಂಡಿಗೆ ಹೋಗುವ ನೀರಿನಲ್ಲಿ 5ರ ಹತ್ತಿರ ಇರುತ್ತದೆ. ಆ ನೀರು ದನದ ತೊಟ್ಟಿಗೆ ಹೋಗುತ್ತದೋ, ತೋಟಕ್ಕೋ, ಅದೇ ಬೋರಿನ ಪಕ್ಕದಲ್ಲಿ ಇಂಗುತ್ತದೋ? ಅಳೆದು ಬರೆದರೆ ಅದು ಪೇಪರ್ ಆಗಲಿ ಬಿಡಲಿ, ಗ್ರಾಮ ಪಂಚಾಯ್ತಿಗೆ ಬೇಕಾದ ಸಂಶೋಧನೆ.

ಇನ್ನು ಭಾಷೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಗೆ ಬಂದವರಿಗೆ ‘ಕಾನ್ಸಂಟ್ರೇಷನ್’ ಎಂದರೆ ಮೊದಲು ನೆನಪಾಗುವುದು ಏಕಾಗ್ರತೆ. ನಗು ಬರಬಹುದು, ಆದರೆ ‘ಸ್ಟ್ರಾಂಗ್ ಆಸಿಡ್’ ಮತ್ತು ‘ಕಾನ್ಸಂಟ್ರೇಟೆಡ್ ಆಸಿಡ್’ ಬೇರೆ ಬೇರೆ ಎನ್ನುವುದು ಸ್ಟ್ರಾಂಗ್ ಕಾಫಿ ಕುಡಿಯುವ ಎಂಎಸ್ಸಿಯವರಿಗೂ ಗೊಂದಲವೇ. ನಮ್ಮ ಹಳೆಯ ಪಠ್ಯದ ಪದಗಳು ಇಲ್ಲಿ ಹೆಚ್ಚು ನಿಖರ: ಪ್ರಬಲ-ದುರ್ಬಲ ಎನ್ನುವುದು ಆಮ್ಲದ ಸ್ವಭಾವ, ಸಾರೀಕೃತ-ಸಾರರಿಕ್ತ ಎನ್ನುವುದು ಎಷ್ಟು ನೀರು ಬೆರೆಸಿದ್ದೀರಿ ಎಂಬುದು. ನೀರು ಹೆಚ್ಚಾದ ಸಾರು ತೆಳುವಾಗುತ್ತದೆ, ಅದರ ಬೇಳೆ ಬದಲಾಗುವುದಿಲ್ಲ. ಇದನ್ನು ಕಣ್ಣಿಗೆ ತೋರಿಸಲು ಒಂದು ಪೀರಿಯಡ್ ಸಾಕು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 0.1 ಮೋಲಾರ್ ಅಸಿಟಿಕ್ ಆಮ್ಲ, 0.001 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಇಡಿ. ಪಿಎಚ್ ಸುಮಾರು 1, 2.9, 3. ಕೊನೆಯ ಎರಡು ಪಿಎಚ್‌ನಲ್ಲಿ ಅಣ್ಣತಮ್ಮ. ಈಗ ಪ್ರತಿಯೊಂದರ 10 ಮಿ.ಲೀ.ಗೆ ಫಿನಾಫ್ತಲೀನ್ ಹಾಕಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿಸಿ. ಮೊದಲ ಎರಡಕ್ಕೂ 10 ಮಿ.ಲೀ. ಬೇಕು, ಮೂರನೆಯದಕ್ಕೆ ಎರಡೇ ಹನಿ. ದುರ್ಬಲ ಎಂದರೆ ಕಡಿಮೆ ಅಲ್ಲ ಎನ್ನುವುದು ಆಮೇಲೆ ಯಾರಿಗೂ ಮರೆಯುವುದಿಲ್ಲ.

ಈ ಕೆಲಸಕ್ಕೆ ಜಿಲ್ಲೆಯಲ್ಲೇ ಹಿರಿಯರಿದ್ದರು. 1921ರಲ್ಲಿ ಜಗಳೂರಿನಲ್ಲಿ ಹುಟ್ಟಿದ ಜೆ.ಆರ್. ಲಕ್ಷ್ಮಣರಾವ್ ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ಕನ್ನಡದಲ್ಲಿ ವಿಜ್ಞಾನ ಬರೆದರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಗೆ ಸಂಪಾದಕರಾಗಿ ದುಡಿದರು. ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಐಐಎಸ್ಸಿ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ಉಳಿದುಕೊಂಡು ಪ್ರಯೋಗ ಮಾಡಿ ಕಲಿಯುವ ತರಬೇತಿ ನಡೆಯುತ್ತದೆ. ಅಲ್ಲಿ ಮಾಡಿದ ಪ್ರಯೋಗ ಊರಿನ ಶಾಲೆಗೆ ಬಂದಾಗ ಸೊರಗುವುದು ಉಪಕರಣ ಇಲ್ಲದ್ದಕ್ಕಲ್ಲ, ಬಹಳ ಸಲ ನೀರು ಸರಿಯಿಲ್ಲದ್ದಕ್ಕೆ.

ನೀರು ಅಂದೆನಲ್ಲ, ಲ್ಯಾಬಿನ ಡಿಸ್ಟಿಲ್ಡ್ ವಾಟರ್ ಯಂತ್ರ. ದಾವಣಗೆರೆಯ ಬೋರಿನ ಗಡಸು ನೀರಿಗೆ ಅದರ ಕಾಯಿಲ್ ಮೇಲೆ ಕೆಲವೇ ವಾರದಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಕರೆಂಟು ಹೆಚ್ಚು ತಿನ್ನುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ತಳದಲ್ಲಿ ಉಪ್ಪು ಹೆಚ್ಚಾದಾಗ ಕುದಿಯುವ ನೀರಿನ ತುಂತುರು ಹಬೆಯ ಜೊತೆ ದಾಟಿ ಶುದ್ಧ ನೀರಿಗೂ ಸೇರುತ್ತದೆ. ತಿಂಗಳಿಗೊಮ್ಮೆ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ಬಿಸಿ ನೀರು ತುಂಬಿ ಅರ್ಧ ಗಂಟೆ ಬಿಟ್ಟು ತೊಳೆದರೆ ಪದರ ಹೋಗುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪೇ ಸಾಕು. ಪ್ರಾಕ್ಟಿಕಲ್ ಶುರುವಾಗುವ ಮೊದಲು 50 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ ಒಂದು ಮಿ.ಲೀ. ಅಮೋನಿಯಾ ಬಫರ್, ಗಡಸುತನ ತೋರಿಸುವ ಬಣ್ಣ ಎರಿಯೊಕ್ರೋಮ್ ಬ್ಲ್ಯಾಕ್ ಟಿ ಚಿಟಿಕೆ ಹಾಕಿ ನೋಡಬೇಕು. ನೀಲಿ ಬಂದರೆ ನೀರು ಸರಿ. ದ್ರಾಕ್ಷಿಯ ಕೆಂಪು ಬಂದರೆ 0.01 ಮೋಲಾರ್ ಇಡಿಟಿಎ ಹನಿಹನಿಯಾಗಿ ಬಿಟ್ಟು ನೀಲಿಗೆ ತಿರುಗುವವರೆಗೆ ಎಣಿಸಬೇಕು. ಎರಡು ಹನಿ ಹಿಡಿದರೆ ಬೋರ್ಡಿನ ಮೇಲೆ ‘ಬ್ಲ್ಯಾಂಕ್ 0.1’ ಎಂದು ಬರೆಯಿರಿ. 25 ಮಿ.ಲೀ. ಬೋರ್ ನೀರಿಗೆ 25 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬೆರೆಸಿದವರು ತಮ್ಮ ರೀಡಿಂಗಿನಿಂದ ಅದರ ಅರ್ಧ, 0.05, ಕಳೆದು 40ರಿಂದ ಗುಣಿಸಲಿ, ಬರುವುದು ಬೋರ್ ನೀರಿನ ಗಡಸುತನ (ಲೀಟರಿಗೆ ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ). ಕಳೆಯುವ ಮುಂಚಿನ ಸಂಖ್ಯೆಯನ್ನೂ ರೆಕಾರ್ಡಿನಲ್ಲಿ ಹಾಗೇ ಇಡಲಿ.